ಯಜಮಾನರ ಏಸಿ ಗಾಡಿ

ಕೆಟ್ಟಿರುವುದು ಬುದ್ಧಿ, ರಿಪೇರಿಗೆ ತರುವುದು ಗಾಡಿ. ಇಂಥವರು ನನಗೆ ಗಂಟು ಬೀಳುತ್ತಲೇ ಇರುತ್ತಾರೆ. ಎಂಬತ್ತರ ದಶಕದಲ್ಲಿ ಪೀಣ್ಯದಲ್ಲಿ ನನ್ನದೊಂದು ಗ್ಯಾರೇಜಿತ್ತು. ಅಲ್ಲಿಗೆ ಎಲ್ಲರಿಗಿಂತ ಹೆಚ್ಚು ಸಲ ಬಂದವರು ಮಾಕಳಿ ಕಡೆಯ ಒಬ್ಬ ಯಜಮಾನರು. ಹೊಲ ಮಾರಿ ಬೋಲ್ಟಿನ ಕಾರ್ಖಾನೆ ಹಾಕಿದ್ದರು. ತನ್ನ ದೇಶಕ್ಕೆ ವಾಪಸು ಹೋದ ಯಾವನೋ ವಿದೇಶಿ ಎಂಜಿನಿಯರನ ಹಳೇ ಪಿಕಪ್ಪನ್ನು ಹರಾಜಿನಲ್ಲಿ ಹಿಡಿದಿದ್ದರು. ಅದರಲ್ಲಿ ಏಸಿಯೂ ಇತ್ತು, ಹೀಟರೂ ಇತ್ತು. ಯಾವುದು ಯಾವುದಕ್ಕೆ ಅನ್ನುವುದು ಮಾತ್ರ ಯಜಮಾನರಿಗೆ ಗೊತ್ತಿರಲಿಲ್ಲ.

ಕೆಂಪು ಗೆರೆ

ಏಪ್ರಿಲ್ ಬಿಸಿಲು. ಗಾಡಿಯಿಂದ ಇಳಿದ ಯಜಮಾನರ ಜುಬ್ಬ ಹಿಂಡಿದರೆ ಒಂದು ಚೊಂಬು ನೀರು ಬರುವ ಹಾಗಿತ್ತು.

"ಏನ್ ಗುರು ಇದು, ಏಸಿ ಜೋರು ಮಾಡ್ದಷ್ಟೂ ಸೆಕೆ ಜಾಸ್ತಿ ಆಯ್ತದೆ!"

ಒಳಗೆ ಕೈಯಿಟ್ಟೆ. ಸೌದೆ ಒಲೆಯ ಮುಂದೆ ಕೂತಂತಾಯಿತು. ಹಿಡಿಯನ್ನು ಕೆಂಪು ಗೆರೆಯ ತುದಿಗೆ ಎಳೆದಿಟ್ಟಿದ್ದರು.

"ಇದು ಹೀಟರ್ ಸಾರ್. ತಂಪು ಬೇಕಾದ್ರೆ ನೀಲಿ ಕಡೆ ತಳ್ಬೇಕು."

"ಕೆಂಪು ಅಂದ್ರೆ ಜೋರು ಅಂದ್ಕಂಡೆ ಕಣಯ್ಯ."

"ಎಷ್ಟು ದಿನದಿಂದ ಹೀಗೆ?"

"ತಗಂಡಾಗ್ಲಿಂದ. ಹೊಟ್ಟೆ ಕರಗ್ತಾ ಐತೆ, ವಾಕಿಂಗ್ ಬಿಡಬ್ಯಾಡಿ ಅಂತ ಡಾಕ್ಟ್ರು ಬೆನ್ ತಟ್ಟವ್ರೆ."

ಕುಂಕುಮ

ಆಯುಧಪೂಜೆ ಕಳೆದ ಮೇಲೆ, ಗಾಳಿಯೇ ಬರ್ತಿಲ್ಲ ಅಂತ ಬಂದರು. ಫ್ಯೂಸ್ ಹೋಗಿತ್ತು, ಹೊಸದು ಹಾಕಿದೆ. ಪೂಜೆಯ ದಿನ ಗಾಳಿ ಬರುವ ಕಿಂಡಿಗಳನ್ನು ದೇವರ ಗೂಡು ಅಂದುಕೊಂಡು ಈ ಮಹಾನುಭಾವರು ಹಿಡಿಹಿಡಿ ಕುಂಕುಮ ಸುರಿದಿದ್ದರೆ, ಅದು ನನಗೆ ಹೇಗೆ ಗೊತ್ತಾಗಬೇಕು?

ಕಾರ್ಖಾನೆಗೆ ಲೈಸೆನ್ಸ್ ಕೊಡಬೇಕಾದ ಇನ್‌ಸ್ಪೆಕ್ಟರು ಅವತ್ತು ಬಿಳಿ ಷರಟು ಹಾಕಿಕೊಂಡು ಮುಂದಿನ ಸೀಟಿನಲ್ಲೇ ಕೂತಿದ್ದರು. ಅವರ ಮುಂದೆ ಜಂಬ ತೋರಿಸಲು ಯಜಮಾನರು ಸ್ವಿಚ್ ತಿರುಗಿಸಿದರು. ಬುಸ್ ಅಂತು. ಸಾಹೇಬರ ಮುಖ, ಎದೆ ಎಲ್ಲ ಕೆಂಪು.

"ಶುಭಸೂಚನೆ ಸಾರ್!" ಅಂದರು ಯಜಮಾನರು.

ಸಾಹೇಬರು ಕಣ್ಣುಜ್ಜಿಕೊಂಡರು. "ಲೈಸೆನ್ಸ್ ಆಮೇಲೆ ನೋಡೋಣ ಕಣ್ರೀ. ಮೊದ್ಲು ನಮ್ಮನೆಗೆ ಬಂದು, ಷರಟಿನ ಮೇಲಿರೋ ಕುಂಕುಮ ಯಾರದ್ದು ಅಂತ ನಮ್ಮನೆಯವ್ರಿಗೆ ನೀವೇ ಹೇಳಿ."

ಗ್ಯಾಸು

ಬೀಗರು ಊಟಕ್ಕೆ ಬರುವವರಿದ್ದರು. ರೈಲ್ವೆ ಸ್ಟೇಷನ್ನಿನಿಂದ ಏಸಿ ಗಾಡಿಯಲ್ಲೇ ಕರಕೊಂಡು ಬರ್ತೀನಿ ಅಂತ ಯಜಮಾನರು ಊರೆಲ್ಲ ಕೊಚ್ಚಿಕೊಂಡಿದ್ದರು. ಅವತ್ತೇ ಬೆಳಿಗ್ಗೆ ಏಸಿ ಕೈಕೊಟ್ಟಿತು.

"ಪೈಪು ಸೋರಿ ಗ್ಯಾಸೆಲ್ಲ ಖಾಲಿ ಸಾರ್. ಬೆಸುಗೆ ಈಗ್ಲೇ ಹಾಕ್ತೀನಿ. ಗ್ಯಾಸ್ ಸಿಗೋದೇ ಕಷ್ಟ."

"ಅದೇನ್ ಕಷ್ಟ? ನಮ್ಮನೇಲೇ ಐತೆ" ಅಂತ ಎದ್ದುಹೋದರು.

ಕಾರ್ಖಾನೆಯವರು, ಇದ್ದರೂ ಇರಬಹುದು ಅಂದುಕೊಂಡು ನಾನು ಬೆಸುಗೆಯ ಬೆಂಕಿ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಆಟೋ ಬಂತು. ಒಳಗೆ ಯಜಮಾನರು. ಅವರ ತೊಡೆಗಳ ನಡುವೆ ಅಡುಗೆ ಗ್ಯಾಸಿನ ಸಿಲಿಂಡರು!

ಬೆಂಕಿ ಆರಿಸಿ ರಸ್ತೆಗೆ ಹಾರಿದೆ. "ಸಾರ್, ಅದು ಒಲೆ ಗ್ಯಾಸು! ಏಸಿದು ಬೇರೆ!"

"ಗ್ಯಾಸ್ ಗ್ಯಾಸೇ ಕಣಯ್ಯ. ತುಂಬಿದ್ದು, ನೆನ್ನೆ ತಾನೇ ಬಂದೈತೆ."

ಅಷ್ಟರಲ್ಲಿ ಇನ್ನೊಂದು ಆಟೋ. ಅದರಿಂದ ಇಳಿದವರು ಅವರ ಹೆಂಡತಿ. ಸೆರಗಿನಲ್ಲಿ ಹಿಡಿದ ಪಾತ್ರೆಯಲ್ಲಿ ಅರ್ಧ ಬೆಂದ ಅನ್ನ. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಪಾತ್ರೆಯನ್ನು ಪಿಕಪ್ಪಿನ ಬಾನೆಟ್ ಮೇಲೆ ಕುಕ್ಕಿ ನನಗೆ ಹೇಳಿದರು:

"ಅಣ್ಣ, ಗ್ಯಾಸ್ ತುಂಬಿ ಆದ್ಮೇಲೆ ಈ ಅನ್ನಾನೂ ಇದ್ರಲ್ಲೇ ಬೇಯ್ಸಿಕೊಡು. ಬೀಗ್ರಿಗೆ ಇಲ್ಲೇ ಎಲೆ ಆಕ್ತೀನಿ."