ಫಾಂಗ್ ಮೇಷ್ಟ್ರ ಬಲಗಣ್ಣು

ಬೆಳಿಗ್ಗೆ ಅಕ್ಕಿ ಶಾವಿಗೆಯ ಬಟ್ಟಲಿಗೆ ಊಟದ ಕಡ್ಡಿ ಇಡುವ ಹೊತ್ತಿಗೇ ಫಾಂಗ್ ಮೇಷ್ಟ್ರ ಬಲಗಣ್ಣಿನ ರೆಪ್ಪೆ ಅದುರತೊಡಗಿತು. ಸುಮ್ಮನೆ ಅಲ್ಲ, ಬಲೆಗೆ ಬಿದ್ದ ಗುಬ್ಬಚ್ಚಿಯ ಹಾಗೆ ಪಟಪಟನೆ. ಎಡಗಣ್ಣಾಗಿದ್ದರೆ ಲಾಟರಿ ಚೀಟಿಯನ್ನಾದರೂ ಕೊಳ್ಳಬಹುದಿತ್ತು. ಬಲಗಣ್ಣು ಅದುರಿದರೆ ಕೇಡು ಎಂಬುದನ್ನು ಆ ಊರಿನಲ್ಲಿ ಮೊಲೆ ಕುಡಿಯುವ ಕೂಸೂ ಬಲ್ಲದು.

“ಸುಯಿನ್, ನನ್ನ ಕಣ್ಣು ನೋಡೇ.”

ಹೆಂಡತಿ ತುಂಬಿದ ಬಸುರಿ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡಿದಳು. “ಕಣ್ಣು ನೋಡ್ತಾ ಕೂತ್ರೆ ಆಯ್ತಾ? ಇವತ್ತಿನ ಪಾಠ ನೆಟ್ಟಗೆ ಮಾಡಿ. ನಿಮ್ಮನ್ನ ಬೆಟ್ಟದ ಸ್ಕೂಲಿಗೆ ಎತ್ತಾಕಿದ್ರೆ, ಹೆರಿಗೆ ಹೊತ್ತಿಗೆ ಕರೆಸೋಕೆ ಯಾವ ಮೇಕೆ ಬೆನ್ನಿಗೆ ಕಾಗದ ಕಟ್ಲಿ?”

ಮೇಷ್ಟ್ರು ಬಟ್ಟಲು ಸರಿಸಿ ಎದ್ದರು. ಮಾತು ನಿಜ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು ಇಬ್ಬರು, ಅವರು ಮತ್ತು ಶಿಯೆ ಮೇಡಂ. ಅವರಲ್ಲಿ ಒಬ್ಬರು ಮೂರು ವರ್ಷ ಬೆಟ್ಟದ ತುದಿಯ ಶಾಲೆಗೆ ಹೋಗಬೇಕು. ಅಲ್ಲಿಗೆ ವಾರಕ್ಕೊಂದು ಬಸ್ಸು, ಅದೂ ರಸ್ತೆ ಕುಸಿಯದಿದ್ದರೆ. ಯಾರು ಹೋಗುವುದೆಂದು ಮೇಲಿನ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತು, ಪಾಠ ಕೇಳಿ ತೀರ್ಮಾನಿಸುತ್ತಾರೆ. ಶಿಯೆ ಮೇಡಂ ಸರದಿ ನಿನ್ನೆ ಮುಗಿದಿತ್ತು. ಇವತ್ತು ಇವರದು. ಪಾಠವೋ, ಕಣ್ಣು ಮತ್ತು ನೋಟದ ಇಂಗ್ಲಿಷ್ ಮಾತುಗಳು!

ಸ್ಟಾಫ್ ರೂಮಿನಲ್ಲಿ ಕ್ವಾಂಗ್ ಮೇಡಂ ಅವರನ್ನು ನೋಡಿದ್ದೇ ತಡ, ಎದೆಗೆ ಕೈಯಿಟ್ಟುಕೊಂಡರು. ಅವರು ಲೆಕ್ಕದ ಮೇಡಂ, ಆದರೆ ಇಡೀ ಶಾಲೆಯ ಆಗುಹೋಗುಗಳ ಉಸ್ತುವಾರಿ ಅವರದೇ.

“ಅಯ್ಯೋ ಫಾಂಗ್ ಮೇಷ್ಟ್ರೇ, ಬಲಗಣ್ಣು! ಅದೂ ಇವತ್ತು! ಅಲ್ಲಾಡ್ಬೇಡಿ, ಕೂತ್ಕೊಳಿ. ರೆಪ್ಪೆಗೆ ಬಿಳಿ ಕಾಗದ ಅಂಟಿಸಿದ್ರೆ ಅದುರಿದ್ದೆಲ್ಲ ದಂಡ ಆಗಿಹೋಗುತ್ತೆ, ನಮ್ಮ ಮಾತಲ್ಲಿ ಬಿಳಿಗೂ ದಂಡಕ್ಕೂ ಒಂದೇ ಪದ ಅಲ್ವಾ. ನಮ್ಮತ್ತೆ ಸಾಯೋತನಕ ಹೀಗೇ ಮಾಡ್ತಿದ್ರು.”

“ಅವ್ರ ಕಣ್ಣು ಚೆನ್ನಾಗಿತ್ತಾ?”

“ಕೊನೇಲಿ ಕಾಣ್ತಿರ್ಲಿಲ್ಲ. ಆದ್ರೆ ಅದುರ್ತಿರ್ಲಿಲ್ಲ ನೋಡಿ!”

ಅನ್ನದ ಗಂಜಿ ಹಚ್ಚಿ ಅಂಟಿಸಿಯೇಬಿಟ್ಟರು. ರೆಪ್ಪೆಯ ಜೊತೆ ಕಾಗದವೂ ಗಾಳಿಪಟದ ಬಾಲದ ಹಾಗೆ ಕುಣಿಯಿತು. ಅಷ್ಟರಲ್ಲಿ ಅಂಗಳದಲ್ಲಿ ಸಾಹೇಬರ ಕಾರಿನ ಸದ್ದು. ಗೇಟು ಕಾಯುವ ಪೆಂಗ್ ಅಜ್ಜ ಓಡಿ ಬಂದ.

“ಏನ್ ಮೇಷ್ಟ್ರೇ ಇದು! ಇಂಥ ಮೂಢನಂಬಿಕೆ ಕಂಡ್ರೆ ದುವಾನ್ ಸಾಹೇಬ್ರಿಗೆ ಮೈಯೆಲ್ಲ ಉರಿಯುತ್ತೆ!” ಎಂದವನೇ ಕಾಗದವನ್ನು ಚರ್ರನೆ ಕಿತ್ತ. ಅದರ ಜೊತೆ ನಾಲ್ಕಾರು ರೆಪ್ಪೆಗೂದಲೂ ಬಂದವು. ಮೇಷ್ಟ್ರು ಕಿರುಚಿದರು. ಪಾಪ ಅನ್ನಿಸಿ ಅಜ್ಜ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ತಲೆನೋವಿನ ಮುಲಾಮನ್ನು ಕಣ್ಣಿನ ಸುತ್ತ ಧಾರಾಳವಾಗಿ ತಿಕ್ಕಿದ. ಕಣ್ಣಿಗೆ ಮೆಣಸಿನಕಾಯಿ ಅರೆದು ಹಾಕಿದ ಹಾಗಾಯಿತು. ಬಲಗಣ್ಣು ಮುಚ್ಚಿದ್ದು ಮುಚ್ಚಿಯೇ ಹೋಯಿತು.

ಮೇಷ್ಟ್ರು ಒಂದೇ ಕಣ್ಣಿನಲ್ಲಿ ದಾರಿ ನೋಡಿಕೊಂಡು ತರಗತಿಗೆ ಕಾಲಿಟ್ಟರು. ಹಿಂದಿನ ಬೆಂಚಿನಲ್ಲಿ ದಪ್ಪ ಕನ್ನಡಕದ ದುವಾನ್ ಸಾಹೇಬರು, ಅವರ ಇಬ್ಬರು ಸಂಗಡಿಗರು, ಪಕ್ಕದಲ್ಲಿ ಬೆವರೊರೆಸಿಕೊಳ್ಳುವ ಹೆಡ್‌ಮಾಸ್ಟರು.

“ಮಕ್ಕಳೇ,” ಮೇಷ್ಟ್ರು ಶುರು ಮಾಡಿದರು, “ನಾವು ಪುಸ್ತಕವನ್ನೂ ನೋಡ್ತೀವಿ, ಸಿನಿಮಾನೂ ನೋಡ್ತೀವಿ, ಜ್ವರ ಬಂದ್ರೆ ಡಾಕ್ಟ್ರನ್ನೂ ನೋಡ್ತೀವಿ. ನಮ್ಮ ಚೀನೀ ಭಾಷೇಲಿ ಎಲ್ಲಕ್ಕೂ ‘ಕಾನ್’ ಅಂದ್ರೆ ಮುಗೀತು. ಇಂಗ್ಲಿಷಿನೋರಿಗೆ ಅಷ್ಟಕ್ಕೆ ತೃಪ್ತಿಯಿಲ್ಲ. ಒಂದೊಂದು ನೋಟಕ್ಕೂ ಒಂದೊಂದು ಹೆಸರು. ಎವೆಯಿಕ್ಕದೆ ನೋಡಿದ್ರೆ ‘ಸ್ಟೇರ್’. ಜಿಂಗ್ವೆನ್, ಮಾಡಿ ತೋರ್ಸಮ್ಮಾ.”

ಕ್ಲಾಸ್ ಲೀಡರ್ ಜಿಂಗ್ವೆನ್ ಎದ್ದು ನಿಂತು ಮೇಷ್ಟ್ರ ಮುಖವನ್ನೇ ದಿಟ್ಟಿಸಿದಳು. ಆ ಮುಖದಲ್ಲಿ ಒಂದೇ ಕಣ್ಣಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. “ಸಾರ್, ಅಳ್ತಿದ್ದೀರಾ?” ಎಂದಳು. ತರಗತಿಯೆಲ್ಲ ಕಿಸಕ್ಕೆಂದಿತು. ಸಾಹೇಬರು ಏನೋ ಬರೆದುಕೊಂಡರು. ಅವರ ಪೆನ್ನು ಸರಿದಾಗಲೆಲ್ಲ ಮೇಷ್ಟ್ರಿಗೆ ಬೆಟ್ಟದ ದಾರಿ ಒಂದೊಂದು ತಿರುವು ಹತ್ತಿರವಾಯಿತು.

ಆಗ ದುವಾನ್ ಸಾಹೇಬರು ಕೈಯೆತ್ತಿದರು. “ಮೇಷ್ಟ್ರೇ, ಒಂದು ಕಣ್ಣು ಮಿಟುಕಿಸೋದಕ್ಕೆ ‘ವಿಂಕ್’ ಅಂತ ಬೋರ್ಡ್ ಮೇಲೆ ಬರ್ದಿದ್ದೀರಲ್ಲ, ಅದನ್ನ ನೀವೇ ಮಾಡಿ ತೋರ್ಸಿ.”

ಬಲಗಣ್ಣು ಆಗಲೇ ಮುಚ್ಚಿತ್ತು. ಇನ್ನು ಮಿಟುಕಿಸಲು ಉಳಿದದ್ದು ಎಡಗಣ್ಣೊಂದೇ. ಸಾಹೇಬರ ಮಾತು ಮೀರುವುದುಂಟೇ? ಮೇಷ್ಟ್ರು ಅದನ್ನೂ ಮುಚ್ಚಿದರು. ಜಗತ್ತೇ ಕತ್ತಲಾಯಿತು. ಗಾಬರಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟರು, ಕಾಲಡಿಯ ವೇದಿಕೆ ಮುಗಿದುಹೋಯಿತು, ಮೇಷ್ಟ್ರು ಮೂಟೆಯಂತೆ ಧೊಪ್ಪನೆ ಕೆಳಗೆ ಬಿದ್ದರು.

ಕಿಟಕಿಯಲ್ಲಿ ಇಣುಕುತ್ತಿದ್ದ ಪೆಂಗ್ ಅಜ್ಜನ ಕರುಳು ಚುರ್ ಎಂದಿತು. ಮೇಷ್ಟ್ರಿಗೆ ಉಸಿರು ತಿರುಗಿಸಿಕೊಳ್ಳಲು ಸ್ವಲ್ಪ ಹೊತ್ತಾದರೂ ಸಿಗಲಿ ಎಂದು ಓಡಿಹೋಗಿ, ಶಾಲೆಯಲ್ಲಿ ದಿನವೂ ಮೈಕಿನಲ್ಲಿ ಹಾಕುವ ಕಣ್ಣಿನ ವ್ಯಾಯಾಮದ ಹಾಡನ್ನು ಹೊತ್ತಿಗೆ ಮುಂಚೆಯೇ ಹಾಕಿಬಿಟ್ಟ.

ಮೈಕು ಮೊಳಗಿದ್ದೇ ತಡ, ಮಕ್ಕಳೆಲ್ಲ ಪೆನ್ನು ಕೆಳಗಿಟ್ಟು, ಕಣ್ಣು ಮುಚ್ಚಿ, ಹುಬ್ಬಿನ ಅಂಚನ್ನು ಒತ್ತಿಕೊಳ್ಳತೊಡಗಿದರು. ಮೇಷ್ಟ್ರನ್ನು ಎತ್ತಲು ಅರ್ಧ ಎದ್ದಿದ್ದ ದುವಾನ್ ಸಾಹೇಬರು ಹಾಗೇ ಕುಳಿತರು. ಬಾಲ್ಯದಿಂದ ದಿನಕ್ಕೆರಡು ಸಲ ಆ ಹಾಡಿಗೆ ಕಣ್ಣೊತ್ತಿಕೊಂಡ ಬೆರಳುಗಳು ಅವು, ಯಾರ ಅಪ್ಪಣೆಗೂ ಕಾಯಲಿಲ್ಲ. ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಮೂಗಿನ ಬುಡ ಒತ್ತಿಕೊಂಡರು. ಸಂಗಡಿಗರೂ ಒತ್ತಿಕೊಂಡರು, ಹೆಡ್‌ಮಾಸ್ಟರೂ ಒತ್ತಿಕೊಂಡರು.

ಇಡೀ ಕೋಣೆಯಲ್ಲಿ ತೆರೆದಿದ್ದುದು ಮೇಷ್ಟ್ರ ಎಡಗಣ್ಣೊಂದೇ. ಯಾರೂ ತನ್ನನ್ನು ನೋಡುತ್ತಿಲ್ಲ! ಬೆಳಗಿನಿಂದ ಮೊದಲ ಬಾರಿಗೆ ಅವರ ಎದೆಬಡಿತ ಹತೋಟಿಗೆ ಬಂತು. ಎದ್ದು, ಪ್ಯಾಂಟಿನ ಧೂಳು ಕೊಡವಿ, ಹಾಡಿನ ತಾಳಕ್ಕೇ ಹೇಳಿಕೊಟ್ಟರು. “ಲುಕ್... ಗೇಜ್... ಪೀಪ್... ಮುದ್ದಿನ ಕೂಸಿಗೆ ‘ಆ್ಯಪಲ್ ಆಫ್ ಮೈ ಐ’...” ಆ ಮಾತಿಗೆ ಸುಯಿನಳ ಹೊಟ್ಟೆ ನೆನಪಾಗಿ ದನಿ ಮೆತ್ತಗಾಯಿತು. ಮಕ್ಕಳು ಕಣ್ಣು ಮುಚ್ಚಿಕೊಂಡೇ ಒಂದೇ ದನಿಯಲ್ಲಿ ಹೇಳಿದರು. ಹಿಂದಿನ ಬೆಂಚಿನಿಂದ ದುವಾನ್ ಸಾಹೇಬರ ದಪ್ಪ ದನಿಯೂ ಸೇರಿತು.

ಹಾಡು ನಿಂತಿತು. ಸಾಹೇಬರು ಕಣ್ಣು ಬಿಟ್ಟಾಗ ಒಂದು ನಿದ್ದೆ ತೆಗೆದವರಂತೆ ಮುಖ ಅರಳಿತ್ತು.

“ಭೇಷ್! ಕಣ್ಣಿಲ್ದಿದ್ರೆ ಏನಾಗುತ್ತೆ ಅಂತ ಬಿದ್ದು ತೋರ್ಸಿದ್ರಿ. ಆಮೇಲೆ ಕಣ್ಣು ಮುಚ್ಚಿಸಿ ಮನಸ್ಸಿಗೇ ಇಳಿಸಿದ್ರಿ. ಇಷ್ಟು ವರ್ಷದಲ್ಲಿ ಇಂಥ ಪಾಠ ನಾನು ಕೇಳಿಲ್ಲ ಕಣ್ರೀ!”

ಮೇಷ್ಟ್ರ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ. “ಹಾಗಾದ್ರೆ ಸಾಹೇಬ್ರೇ... ಬೆಟ್ಟದ ವಿಷ್ಯ...?”

“ಅದು ತೀರ್ಮಾನ ಆದಂಗೇ. ಶಿಯೆ ಮೇಡಂ ಪಾಠಕ್ಕೆ ಮಕ್ಕಳು ತೂಕಡಿಸ್ತಿದ್ರು. ಆ ಮೇಡಂನ ಇಲ್ಲೇ ನಮ್ಮ ಕಣ್ಣೆದುರಿಗೆ ಇಟ್ಕೊಂಡು ತಿದ್ಬೇಕು.” ಸಾಹೇಬರು ಎದ್ದು ಬಂದು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು. “ಬೆಟ್ಟದ ಮಕ್ಕಳು ಪಾಪ, ಒಳ್ಳೇ ಮೇಷ್ಟ್ರನ್ನೇ ಕಂಡಿಲ್ಲ. ನೀವು ಸೋಮವಾರಾನೇ ಹೊರಡಿ. ಮೂರು ವರ್ಷ ಯಾಕೆ, ಐದು ಮಾಡಿಸ್ತೀನಿ!”

ಹೆಡ್‌ಮಾಸ್ಟರು ಚಪ್ಪಾಳೆ ಶುರು ಮಾಡಿದರು. ಮಕ್ಕಳು ತಟ್ಟಿದರು, ಬಾಗಿಲಲ್ಲಿ ನಿಂತ ಕ್ವಾಂಗ್ ಮೇಡಂ ಕಣ್ಣೊರೆಸಿಕೊಳ್ಳುತ್ತ ತಟ್ಟಿದರು. ಚಪ್ಪಾಳೆ ಪಡೆಯುವವನೂ ಜೊತೆಗೆ ತಟ್ಟಬೇಕಾದದ್ದು ಅಲ್ಲಿಯ ಮರ್ಯಾದೆ.

ಫಾಂಗ್ ಮೇಷ್ಟ್ರೂ ತಟ್ಟಿದರು. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದರು. ನಿಲ್ಲಿಸಿದರೆ ಮನೆಗೆ ಹೋಗಬೇಕಾಗಿತ್ತು.