ಮದುವೆ ಕಾರಿನಲ್ಲಿ ಹೆರಿಗೆಗೆ

ಬಾಡಿಗೆ ಕಾರು ಹತ್ತಿ ಗಡಿ ದಾಟಲು ಹೊರಟರೆ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ, ನನ್ನಂಥವರಿಗಂತೂ. ಯುರೋಪಿನಲ್ಲಿರುವ ನನ್ನ ಷಡ್ಡಕ ಫೋನ್ ಮಾಡಿದಾಗಲೆಲ್ಲ ಕೊಚ್ಚಿಕೊಳ್ಳುತ್ತಾರೆ: "ಬೆಳಗ್ಗೆ ಒಂದು ದೇಶದಲ್ಲಿ ತಿಂಡಿ, ಮಧ್ಯಾಹ್ನ ಇನ್ನೊಂದರಲ್ಲಿ ಊಟ. ಗಡಿ ಬಂದಿದ್ದೇ ಗೊತ್ತಾಗ್ಲಿಲ್ಲ ಕಣ್ರೀ." ನಾನು ಕೆಲಸಕ್ಕೆಂದು ಬಂದ ಮೇಲೆ ಮಲೇಷ್ಯಾ ಬಿಟ್ಟು ಆಚೆ ಹೋದವನಲ್ಲ. ಆದರೂ ದಾಟಿದ ಒಂದೊಂದು ಗಡಿಯೂ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕೊರೊನಾದ ಮೊದಲ ವರ್ಷ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಹಾಗಿರಲಿಲ್ಲ. ನನ್ನ ಕೆಲಸ ಕ್ಲಾಂಗ್ ಬಂದರಿನ ಹಡಗು ಕಚೇರಿಯಲ್ಲಿ, ಮನೆ ಪುಚೊಂಗ್‌ನಲ್ಲಿ. ಹೆಂಡತಿ ಉತ್ತರದ ಪೆನಾಂಗ್ ರಾಜ್ಯದಲ್ಲಿ ಇಂಜಿನಿಯರು, ತುಂಬಿದ ಬಸುರಿ. ನಮ್ಮ ಕಾರೂ ಅವಳ ಹತ್ತಿರವೇ ಇತ್ತು. ಬಾಣಂತನಕ್ಕೆಂದು ಮೈಸೂರಿನಿಂದ ಹೊರಟ ಅತ್ತೆ, ವಿಮಾನ ನಿಲ್ಲುವ ಮೊದಲು ಹೇಗೋ ಬಂದು ಅವಳ ಜೊತೆ ಸೇರಿಕೊಂಡಿದ್ದರು. ನಾನು ಮಾತ್ರ ಎರಡು ತಿಂಗಳಿಂದ ಫೋನಿನಲ್ಲೇ ಸಂಸಾರ ಮಾಡುತ್ತಿದ್ದೆ. ಇನ್ನು ಯಾವತ್ತು ಬೇಕಾದರೂ ಹೆರಿಗೆ ಆಗಬಹುದು ಎಂದು ಡಾಕ್ಟರು ಹೇಳಿದ ದಿನ, ಠಾಣೆಗೆ ಓಡಿ ಅನುಮತಿ ಪತ್ರ ತಂದೆ. ಮೊದಲನೇ ಮಗು. ಅದು ಹುಟ್ಟುವಾಗ ನಾನು ಅಲ್ಲಿರಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

೧. ಜೋಡಿ ಹೃದಯ

ನಮ್ಮ ಬೀದಿಯ ತಮಿಳು ಅಣ್ಣಾಚಿ ಕಾರು ಬಾಡಿಗೆಗೆ ಕೊಡುತ್ತಿದ್ದರು. "ಸಾರ್, ಇರೋದು ಒಂದೇ. ಮದುವೆ ಕಾರು. ಈಗ ಮದುವೆ ಯಾರು ಮಾಡ್ತಾರೆ, ಅದಕ್ಕೇ ಖಾಲಿ ಇದೆ" ಅಂದರು. ಬಾನೆಟ್ ಮೇಲಿದ್ದ ಗೊಂಬೆ ಕಿತ್ತು, ರಿಬ್ಬನ್ ಬಿಚ್ಚಿ ಕೊಟ್ಟರು. ಹಿಂದಿನ ಗಾಜಿಗೆ ಅಂಟಿಸಿದ್ದ ಕೆಂಪು ಹೃದಯಗಳೆರಡು ಮಾತ್ರ ಎಷ್ಟು ಕೆರೆದರೂ ಬರಲಿಲ್ಲ.

ಮೊದಲ ತಡೆಯಲ್ಲೇ ಪೊಲೀಸಿನವನು ಕಾರಿಗೆ ಒಂದು ಸುತ್ತು ಬಂದ.

"ಮದುವೆ ಮಾಡೋ ಹಾಗಿಲ್ಲ ಅಂತ ಗೊತ್ತಿಲ್ವಾ?"

"ನನ್ನ ಮದುವೆ ಆಗಿ ಮೂರು ವರ್ಷ ಆಯ್ತು."

"ಮತ್ತೆ ಈಗ ಎಲ್ಲಿಗೆ?"

"ಹೆಂಡತಿ ಹೆರಿಗೆಗೆ."

ಅವನು ಹೃದಯಗಳನ್ನು ನೋಡಿದ, ಅನುಮತಿ ಪತ್ರ ನೋಡಿದ, ಕೊನೆಗೆ ನನ್ನನ್ನು ನೋಡಿದ. "ಛತ್ರದಿಂದ ಹೊರಟವರು ದಾರಿಯಲ್ಲಿ ಬಹಳ ಹೊತ್ತು ನಿಂತುಬಿಟ್ರೇನೋ" ಅಂದ.

೨. ಅಂಟು

ಆ ಹೆದ್ದಾರಿಯನ್ನು ಅಷ್ಟು ಖಾಲಿಯಾಗಿ ಇನ್ನು ಯಾವತ್ತೂ ನೋಡಲಾರೆ. ಇಪೊ ಊರಿನ ಹತ್ತಿರದ ಸುಣ್ಣಕಲ್ಲಿನ ಗುಡ್ಡಗಳು, ನಾನು, ನನ್ನ ಮದುವೆ ಕಾರು, ಅಷ್ಟೇ. ಭಯವಿತ್ತು ನಿಜ, ಆದರೂ ಆ ಬೆಳಗನ್ನು ನೆನೆಸಿಕೊಂಡರೆ ಈಗಲೂ ಹಿತವಾಗುತ್ತದೆ.

ಎರಡನೇ ತಡೆಯಲ್ಲಿ ಒಬ್ಬ ಸಿಪಾಯಿ ಡಿಕ್ಕಿ ತೆಗೆಸಿದ. ಒಳಗೆ ಅತ್ತೆ ಹೇಳಿ ತರಿಸಿದ್ದ ಬಾಣಂತಿ ಸಾಮಾನು: ಓಮ, ಒಣಶುಂಠಿ, ಕೊಬ್ಬರಿ, ಬಜೆ. ಜೊತೆಗೆ ಅಂಟಿನುಂಡೆಗೆ ಬೇಕಾದ ಅಂಟು, ಅರ್ಧ ಕಿಲೋ. ಮರದಿಂದ ಇಳಿದು ಒಣಗಿದ, ಹೊಳೆಯುವ ಹರಳುಗಳು. ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ, ಮೇಲೆ ಚೀಟಿಯಿಲ್ಲ. ಈ ದೇಶದಲ್ಲಿ ಅಂಥ ಹರಳು ಕಂಡರೆ ಏನೆಂದುಕೊಳ್ಳುತ್ತಾರೆ ಅನ್ನುವುದು ನನಗೆ ಹೊಳೆದದ್ದು ಅವನ ಮುಖ ನೋಡಿದ ಮೇಲೆ.

"ಇದೇನು?"

"ತಿನ್ನೋದು."

"ತಿನ್ನು, ನೋಡೋಣ."

ಅಂಟನ್ನು ತುಪ್ಪದಲ್ಲಿ ಹುರಿದು ತಿನ್ನಬೇಕು. ಹಸಿಯದನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಕಚ್ಚಿಕೊಂಡಿತು. ಅವನು ಎಲ್ಲಿಗೆ ಅಂದ, ನಾನು ಊಂ ಅಂದೆ. ಯಾರಿಗೆ ಅಂದ, ಅದಕ್ಕೂ ಊಂ. ಕಣ್ಣಲ್ಲಿ ನೀರು ಬಂತು. ಅವನು ಕವರು ವಾಪಸು ಕೊಟ್ಟ: "ಹೋಗಿ. ನಶೆ ಮಾಡೋರು ಯಾರೂ ಮುಖ ಹೀಗೆ ಮಾಡ್ಕೊಳ್ಳಲ್ಲ."

೩. ಹೆಸರು

ಪೆನಾಂಗ್ ಗಡಿಯಲ್ಲಿದ್ದವರು ತಮಿಳು ಇನ್‌ಸ್ಪೆಕ್ಟರು. ಪತ್ರವನ್ನು ಎರಡು ಸಲ ಓದಿ, "ಇವರು ನಿಮ್ಮ ಹೆಂಡತಿ ಅನ್ನೋದಕ್ಕೆ ಏನಿದೆ?" ಅಂದರು. ಮದುವೆ ಪ್ರಮಾಣಪತ್ರ ಅವಳ ಬೀರುವಿನಲ್ಲಿತ್ತು. ಅದನ್ನು ತರಲು ಗಡಿ ದಾಟಬೇಕು, ಗಡಿ ದಾಟಲು ಅದು ಬೇಕು. ಇಷ್ಟು ದೂರ ಬಂದ ಮೇಲೆ ವಾಪಸು ಕಳಿಸಿಬಿಟ್ಟರೆ? ಅವಳಿಗೆ ವೀಡಿಯೋ ಕರೆ ಮಾಡಿದೆ. ಎತ್ತಿದವರು ಅತ್ತೆ.

"ರಾತ್ರಿಯೆಲ್ಲ ಸೊಂಟನೋವು, ಈಗ ತಾನೇ ಮಲಗಿದಾಳೆ. ನಾನು ಎಬ್ಬಿಸಲ್ಲ" ಅಂದರು.

ಇನ್‌ಸ್ಪೆಕ್ಟರು ಫೋನ್ ಕೈಗೆ ತೆಗೆದುಕೊಂಡರು. ಅತ್ತೆಗೆ ವಠಾರದಲ್ಲಿ ಕಲಿತ ತಮಿಳು ಚೆನ್ನಾಗಿಯೇ ಬರುತ್ತದೆ.

"ನಿಮ್ಮ ಅಳಿಯನ ಹೆಸರೇನಮ್ಮಾ?"

ಕೇಳಬಾರದ್ದನ್ನೇ ಕೇಳಿದ್ದರು. ನನ್ನ ಹೆಸರೂ ಮಾವನವರ ಹೆಸರೂ ಒಂದೇ. ಸಂಬಂಧ ಕೂಡುವಾಗ ಎಲ್ಲರೂ ಅದನ್ನು ಶುಭವೆಂದಿದ್ದರು, ಅತ್ತೆಯೊಬ್ಬರನ್ನು ಬಿಟ್ಟು. ಅವರು ಗಂಡನ ಹೆಸರು ಹೇಳುವವರಲ್ಲ. ರೇಷನ್ ಅಂಗಡಿಯಲ್ಲೂ ಹೇಳಿದವರಲ್ಲ.

"ಮಗಳ ತಂದೆಯದೇ ಹೆಸರು" ಅಂದರು ಅತ್ತೆ.

"ತಂದೆಯ ಹೆಸರೇನು?"

"ಅದನ್ನೇ ಹೇಳೋ ಹಾಗಿಲ್ಲ ಅಂತಿರೋದು."

"ಅತ್ತೆ, ಇದೊಂದು ಸಲ ಹೇಳಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ನಾನು ಪಕ್ಕದಿಂದ ಗೋಗರೆದೆ. "ಊರಲ್ಲಿ ಅವರು ಒಬ್ಬರೇ ಇದಾರೆ, ಮೊದಲೇ ಕೆಮ್ಮು, ಈಗ ಹೆಸರು ಬೇರೆ ಹೇಳಿ ಆಯಸ್ಸು ಕಮ್ಮಿ ಮಾಡಲಾ?" ಅಂದರು. ನನಗೆ ಅಳುವೇ ಬಂತು.

ಇನ್‌ಸ್ಪೆಕ್ಟರು ಫೋನನ್ನು ನನ್ನ ಕಡೆ ತಿರುಗಿಸಿ, "ಸರಿ, ಮುಖ ನೋಡಿ ಹೇಳಿ" ಅಂದರು. ನಾನು ಮಾಸ್ಕ್ ತೆಗೆದೆ. ಅಳಿಯನಿಗೆ ಎದುರು ಕೂರುವ ವಾಡಿಕೆ ಅತ್ತೆಗಿಲ್ಲ; ನನ್ನ ಮುಖ ಕಂಡದ್ದೇ ತಲೆ ಮೇಲೆ ಸೆರಗೆಳೆದುಕೊಂಡು ಎದ್ದು ಹೋದರು. ಫೋನಿನಲ್ಲಿ ಖಾಲಿ ಕುರ್ಚಿ ಮಾತ್ರ ಉಳಿಯಿತು.

ಇನ್‌ಸ್ಪೆಕ್ಟರು ಆ ಕುರ್ಚಿಯನ್ನು ನೋಡಿ ಪತ್ರಕ್ಕೆ ಸಹಿ ಹಾಕಿದರು. "ಸುಳ್ಳು ಅತ್ತೆ ಆಗಿದ್ದರೆ ಹೆಸರನ್ನಾದರೂ ಬಾಯಿಪಾಠ ಮಾಡಿಸಿರುತ್ತಿದ್ದಿರಿ. ಹೋಗಿ."

ಮಾರನೇ ದಿನವೇ ಮಗ ಹುಟ್ಟಿದ. ನಾನು ಬಾಗಿಲ ಹೊರಗೇ ನಿಂತಿದ್ದೆ, ಅವನ ಮೊದಲ ಅಳು ಕೇಳಿಸಿತು. ನಾಮಕರಣದ ಮಾತು ಬಂದಾಗ, ತಾತನ ಹೆಸರಿಡುವುದು ಪದ್ಧತಿ ಎಂದು ಮಾವನವರು ಊರಿನಿಂದ ಫೋನಿನಲ್ಲಿ ಆಸೆಪಟ್ಟರು. ಅತ್ತೆ ತೊಟ್ಟಿಲ ಪಕ್ಕದಿಂದಲೇ ಹೇಳಿದರು: "ಇದನ್ನಾದರೂ ನಾನು ಬಾಯ್ತುಂಬ ಕರೆಯೋ ಹಾಗೆ ಬಿಡ್ರೀ."