ಗದಿಗೆವ್ವನಿಗೆ ಹಸಿರು ಚೀಟಿ ಕೊಟ್ಟ ಯಂತ್ರದವರಿಗೆ

ದವಾಖಾನೆಯ ಬಾಗಿಲಲ್ಲಿ ನಿಂತೇ ಊರಿನ ಆರೋಗ್ಯವನ್ನೆಲ್ಲ ಬಲ್ಲ ಮಾನ್ಯ ಚೀಟಿಯಂತ್ರದವರೇ,

ಬ್ಯಾಡಗಿಯ ಪೇಟೆಯಲ್ಲಿ ಮೂವತ್ತು ವರ್ಷದಿಂದ ಮೆಣಸಿನಕಾಯಿ ಚೀಲದ ಬಾಯಿ ಹೊಲಿಯುತ್ತಿರುವ ಕೊಟ್ರಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವು ಕೆಮ್ಮುತ್ತ ಕ್ಷೇಮವಾಗಿದ್ದೇವೆ. ತಮ್ಮ ದೀಪಗಳೆಲ್ಲ ಉರಿಯುತ್ತಿವೆಯೆಂದು ನಂಬಿದ್ದೇನೆ.

ವೈದ್ಯಕೀಯ ಸುಧಾರಣೆಯ ಸಲುವಾಗಿ ತಾವು ನಮ್ಮಲ್ಲಿಗೆ ದಯಮಾಡಿಸಿ ಮೂರು ತಿಂಗಳಾಯಿತು. ಎದುರು ನಿಂತವರ ಮುಖವನ್ನು ತಮ್ಮ ಒಂಟಿ ಕಣ್ಣಿನಿಂದ ನೋಡಿ, ಕಣ್ಣು ಕೆಂಪಾಗಿ ನೀರು ಸುರಿಯುತ್ತಿದ್ದರೆ, ಇಲ್ಲವೆ ಸೀನು ಬಂದರೆ, ಕೆಂಪು ಚೀಟಿ ಕೊಟ್ಟು ನೇರ ಡಾಕ್ಟರ ಬಳಿಗೆ ಕಳಿಸುತ್ತೀರಿ; ಉಳಿದವರಿಗೆ ಹಸಿರು ಚೀಟಿ, ಗುಳಿಗೆಯ ಕಿಟಕಿ, ಮನೆಯ ದಾರಿ. ಇಷ್ಟು ಸರಳ ಶಾಸ್ತ್ರ ಮನುಷ್ಯರಿಗೆ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನಮಗೇ ನಾಚಿಕೆಯಾಯಿತು.

ನನ್ನ ಹೆಂಡತಿ ಗದಿಗೆವ್ವ ಇಪ್ಪತ್ತೆಂಟು ವರ್ಷದಿಂದ ಗೋದಾಮಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಈಚೆಗೆ ನಾಲ್ಕು ಹೆಜ್ಜೆ ನಡೆದರೆ ಅವಳಿಗೆ ದಮ್ಮು ಹತ್ತುತ್ತದೆ, ನೋಡುವ ನನಗೆ ಜೀವ ಹೋಗಿ ಬರುತ್ತದೆ. ದೊಡ್ಡವರ ಮುಂದೆ ಘಾಟು ಹೊತ್ತು ಹೋಗಬಾರದೆಂದು ಅವಳು ತಲೆಗೆ ಎರೆದುಕೊಂಡು, ಕೆನ್ನೆಗೆ ಅರಿಸಿನ ಹಚ್ಚಿ, ಇಳಕಲ್ ಸೀರೆ ಉಟ್ಟು ತಮ್ಮೆದುರು ನಿಂತಳು. ನಮ್ಮ ಕಡೆ ಹೆಂಗಸರು ದವಾಖಾನೆಗೆ ಹೋಗುವುದೇ ಹೀಗೆ. ಅವಳ ಮುಖದ ಕಳೆಗೆ ಮೆಚ್ಚಿ ತಾವು ಹಸಿರು ಚೀಟಿ ಕೊಟ್ಟಿರಿ.

ಅವಳನ್ನು ಬಿಡಲು ಬಂದಿದ್ದ ಆಟೊ ಹುಲಿಗೇಶ ಬೆಳಗಿನಿಂದ ಮೆಣಸಿನಕಾಯಿ ಚೀಲ ಹೇರಿದವನು. ತಮ್ಮನ್ನು ಕಣ್ತುಂಬ ನೋಡಲು ಇಣುಕಿ ಏಳು ಸಲ ಸೀನಿದ. ಕೆಂಪು ಚೀಟಿ! "ಯಪ್ಪಾ, ನನಗೇನೂ ಆಗಿಲ್ರೀ, ಆಟೊ ರಸ್ತೇದಾಗ ನಿಂತೈತ್ರೀ" ಎಂದು ಅವನು ಬಡಕೊಂಡರೂ ಗಾಲಿ ಕುರ್ಚಿಯಲ್ಲಿ ಒಳಗೊಯ್ದು ಸೂಜಿ ಚುಚ್ಚಿದರು. ಆಟೊ ಓಡಿಸುವವನೇ ಮಲಗಿದ್ದರಿಂದ ದಮ್ಮಿನವಳು ಮೂರು ಮನೆ ಕಟ್ಟೆಯ ಮೇಲೆ ಕುಳಿತು ಕುಳಿತು ನಡೆದೇ ಮನೆ ಸೇರಿದಳು.

ಅವಳ ಜೊತೆಗೆ ತೊಟ್ಟು ಬಿಡಿಸುವ ಜೈತೂನಬಿ ಒಂದು ಉಪಾಯ ಹೇಳಿದಳು: "ಸೆರಗಿನಾಗ ಎರಡು ಒಣಮೆಣಸಿನಕಾಯಿ ಕಟ್ಟಿಕೊಂಡ ಹೋಗವಾ, ಅದರ ಮುಂದ ಮುರಿದು ಮೂಸು." ಗದಿಗೆವ್ವ ಮರುದಿನ ಹಾಗೇ ಮಾಡಿದಳು. ಆದರೆ ಇಪ್ಪತ್ತೆಂಟು ವರ್ಷ ಘಾಟು ಕುಡಿದ ಮೂಗು ಎರಡು ಕಾಯಿಗೆ ಜಗ್ಗುತ್ತದೆಯೇ? ಅವಳ ಹಿಂದಿನ ಸಾಲೆಲ್ಲ ಸೀನಿತು, ಹಲ್ಲುನೋವಿನವರೂ ಕಣ್ಣೀರು ಸುರಿಸಿ ಕೆಂಪು ಚೀಟಿ ಪಡೆದರು. ಗದಿಗೆವ್ವನಿಗೆ ಮತ್ತೆ ಹಸಿರು.

ತಮ್ಮಷ್ಟು ಓದಿರದ ನರ್ಸ್ ನಜ್ಮಾ ಆಗ ಹೊರಗೆ ಬಂದು, ಬೆಂಚು ಹಿಡಿದು ನಿಂತಿದ್ದ ಇವಳನ್ನು ನೋಡಿ, "ಆ ಚೀಟಿ ಅತ್ಲಾಗ ಇಡ್ರಿ. ಯವ್ವಾ, ನೀವು ಏನ್ ಕೆಲಸಾ ಮಾಡ್ತೀರಿ?" ಎಂದು ಕೇಳಿದಳು. ಇಷ್ಟೇ, ಮಾನ್ಯರೇ. ಡಾಕ್ಟರು ಎದೆ ಪರೀಕ್ಷಿಸಿ, ಧೂಳು ಕುಡಿದೇ ಹೀಗಾಗಿದೆ ಎಂದು ಹೇಳಿ, ಬಾಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟರು. ಬಾಗಿಲಲ್ಲಿ ಕಾಯುತ್ತಿದ್ದ ನನಗೆ ಇದು ತಿಳಿದಾಗ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ತಾವು ತಕ್ಷಣ ನನಗೂ ಒಂದು ಕೆಂಪು ಚೀಟಿ ದಯಪಾಲಿಸಿದಿರಿ.

ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ: ಒಂದು ದಿನ ಬಿಡುವು ಮಾಡಿಕೊಂಡು ಗೋದಾಮಿಗೆ ಬಂದು ಜೈತೂನಬಿ ಮತ್ತು ಗದಿಗೆವ್ವರ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತು ಒಂದು ಚೀಲ ತೊಟ್ಟು ಬಿಡಿಸಬೇಕು. ಚಹಾ ನಮ್ಮದು. ಕಾಲಿಲ್ಲವೆಂಬ ಚಿಂತೆ ಬೇಡ, ಹುಲಿಗೇಶ ಹಳೆಯದೆಲ್ಲ ಮರೆತು ಆಟೊ ತರುತ್ತಾನೆ.

ಹಸಿರು ಚೀಟಿಯವಳ ಗಂಡ, ಸ್ವತಃ ಕೆಂಪು ಚೀಟಿಯವ,
ತಮ್ಮ ವಿಶ್ವಾಸಿ,
ಕೊಟ್ರಪ್ಪ

ತಾ.ಕ.: ಇದನ್ನು ಬರೆದು ಮುಗಿಸುವಷ್ಟರಲ್ಲಿ ತಾವು ಕೆಟ್ಟು ನಿಂತ ಸುದ್ದಿ ಬಂತು. ಒಳಗೆ ಮೆಣಸಿನಕಾಯಿಯ ಧೂಳು ಹೊಕ್ಕಿದೆಯಂತೆ, ಮೂರೇ ತಿಂಗಳಿಗೆ! ಅಂದೇ ದವಾಖಾನೆಯ ಸಾಹೇಬರು ನನ್ನನ್ನು ಕರೆಸಿ, ತಮಗೆ ಧೂಳು ತಾಗದಂತೆ ದಪ್ಪ ಬಟ್ಟೆಯ ಮುಸುಕು ಹೊಲಿಸಿದರು. ಗೋದಾಮಿನ ಹೆಂಗಸರು ಮೂಗಿಗೊಂದು ಬಟ್ಟೆ ಕೊಡಿ ಎಂದು ಕೇಳುತ್ತ ಬಂದು ಹನ್ನೊಂದು ವರ್ಷವಾಯಿತು. ಆದ್ದರಿಂದ ತಮ್ಮ ಮುಸುಕು ಕೊಂಚ ಗಿಡ್ಡವಾಗಿದ್ದರೆ ಕ್ಷಮಿಸಬೇಕು. ಅದರಿಂದ ಕತ್ತರಿಸಿಕೊಂಡ ಬಟ್ಟೆಯಲ್ಲಿ ಗದಿಗೆವ್ವನಿಗೂ ಜೈತೂನಬಿಗೂ ಮೂಗಿಗೆ ಒಂದೊಂದು ಹೊಲಿದಿದ್ದೇನೆ.